ಹೋದವರ ತಲೆಯ ಮೇಲೊಂದು ಗೂಬೆ

ಮಾಚೇನಹಳ್ಳಿಯಲ್ಲಿ ಶಿವಮೊಗ್ಗ–ಭದ್ರಾವತಿ ರಸ್ತೆಯ ಪಕ್ಕದಲ್ಲಿ ನಾವು ಸೇರುವ ಒಂದು ಟೀ ಅಂಗಡಿ ಇದೆ. ಫೌಂಡ್ರಿಗಳಲ್ಲಿ ಮೊದಲ ಶಿಫ್ಟ್ ಮುಗಿಸಿದವರು, ಎರಡನೇ ಶಿಫ್ಟಿಗೆ ಹೊರಟವರು, ಡೇರಿಗೆ ಬಂದ ಲಾರಿಯವರು ಎಲ್ಲರೂ ಅಲ್ಲಿ ಒಂದರ್ಧ ಗಂಟೆ ನಿಲ್ಲುತ್ತಾರೆ. ಅವರ ಮಾತೆಲ್ಲ ಕ್ರಿಕೆಟ್. ಹೇಳಿಕೇಳಿ ಇದು ಗುಂಡಪ್ಪ ವಿಶ್ವನಾಥ್ ಹುಟ್ಟಿದ ಭದ್ರಾವತಿಯ ಸೀಮೆ. ನಮ್ಮ ಆರು ಜನರ ಗುಂಪಿಗೆ ಮಾತ್ರ ಫುಟ್‌ಬಾಲ್ ಹುಚ್ಚು. ನಾವು ಬೆಂಗಳೂರು ಎಫ್‌ಸಿಯ ಅಭಿಮಾನಿಗಳು. ವರ್ಷಕ್ಕೆ ಎರಡು ಸಲ ರೈಲು ಹತ್ತಿ ಕಂಠೀರವಕ್ಕೆ ಹೋಗುತ್ತೇವೆ, ಉಳಿದ ಪಂದ್ಯಗಳನ್ನು ಫೋನಿನಲ್ಲಿ ನೋಡುತ್ತೇವೆ.

2025ರ ಮಳೆಗಾಲದಲ್ಲಿ ನಮಗೆ ನೋಡಲು ಪಂದ್ಯವೇ ಇರಲಿಲ್ಲ. ಫೆಡರೇಶನ್ನಿಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಹದಿನೈದು ವರ್ಷದ ಒಪ್ಪಂದ ಮುಗಿಯುತ್ತ ಬಂದಿತ್ತು, ಹೊಸ ಒಪ್ಪಂದ ಆಗಿರಲಿಲ್ಲ. ಜುಲೈಯಲ್ಲಿ ಐಎಸ್‌ಎಲ್ ಅನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಎರಡು ಸಲ ಐ-ಲೀಗ್ ಗೆದ್ದ, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಇದು. ಅದರ ಹುಡುಗರಿಗೆ ಮುಂದಿನ ಪಂದ್ಯ ಯಾವಾಗ ಎಂದು ಗೊತ್ತಿರಲಿಲ್ಲ.

ಆ ದಿನಗಳಲ್ಲಿ ನಾವು ಆರು ಜನ ಟೀ ಅಂಗಡಿಯಲ್ಲಿ ಕೂತು ಏನು ಮಾತಾಡುತ್ತಿದ್ದೆವು ಗೊತ್ತೆ? ಸೈಮನ್ ಗ್ರೇಸನ್‌ನ ತಪ್ಪುಗಳ ಬಗ್ಗೆ. 2023ರ ಡಿಸೆಂಬರ್‌ನಲ್ಲೇ ಕೆಲಸ ಕಳೆದುಕೊಂಡು ಹೋದ ಕೋಚ್ ಅವನು. "ಕ್ಲಬ್ ಹಾಳಾಗಿದ್ದೇ ಅವನ ಕಾಲದಲ್ಲಿ ಮಾರಾಯ," ಎಂದು ಒಬ್ಬ ಶುರುಮಾಡಿದರೆ ಸಾಕು, ಒಬ್ಬೊಬ್ಬರೂ ಒಂದೊಂದು ತಪ್ಪನ್ನು ಪೋಣಿಸುತ್ತಿದ್ದೆವು. ಲೀಗೇ ಮುಳುಗುತ್ತಿರುವಾಗ, ಇಳಿದು ಹೋದ ಅಂಬಿಗನ ಹುಟ್ಟು ಹಾಕುವ ಶೈಲಿಯನ್ನು ಆಡಿಕೊಳ್ಳುವುದು ನಮಗೆ ಅಷ್ಟು ರುಚಿಸುತ್ತಿತ್ತು.

ಈ ರುಚಿಯ ವಿರುದ್ಧ ನಾನಿವತ್ತು ಬರೆಯುತ್ತಿದ್ದೇನೆ. ಹೋದ ಕೋಚ್‌ನ ತಪ್ಪು ಎಣಿಸುವುದು ಆಟದ ವಿಮರ್ಶೆ ಎಂದು ನಾವು ಅಂದುಕೊಂಡಿದ್ದೇವೆ. ನನ್ನ ಪ್ರಕಾರ ಅದು ವಿಮರ್ಶೆಯಿಂದ ತಪ್ಪಿಸಿಕೊಳ್ಳುವ ಅತಿ ಸುಲಭದ ದಾರಿ. ಹೋದವನು ತಿರುಗಿ ಮಾತಾಡುವುದಿಲ್ಲ, ಅವನನ್ನು ಬೈದರೆ ನಮಗೆ ಖರ್ಚೂ ಇಲ್ಲ.

ಮೊದಲು ನನ್ನ ಪಾಲಿನದು ಒಪ್ಪಿಸಿಬಿಡುತ್ತೇನೆ. 2023ರ ಡಿಸೆಂಬರ್ 8ರ ಶುಕ್ರವಾರ ಕಂಠೀರವದಲ್ಲಿ ಮುಂಬೈ ಸಿಟಿ ನಮ್ಮನ್ನು 4–0 ಸೋಲಿಸಿತು. ಮಾರನೇ ದಿನ ಗ್ರೇಸನ್‌ನನ್ನು ತೆಗೆದ ಸುದ್ದಿ ಬಂತು. ನಾನು ಆರೂ ಜನರಿಗೆ ಟೀ, ಬೋಂಡ ಕೊಡಿಸಿದೆ. ಒಬ್ಬ ಮನುಷ್ಯನ ಕೆಲಸ ಹೋದದ್ದಕ್ಕೆ ನಾನು ಹಾಗೆ ಖುಷಿಪಟ್ಟದ್ದು ಅದೊಂದೇ ಸಲ.

ಅವನಲ್ಲಿ ತಪ್ಪೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆ ಸೀಸನ್ನಿನಲ್ಲಿ ಅವನಿರುವ ತನಕ ತಂಡ ಗೆದ್ದದ್ದು ಒಂದೇ ಪಂದ್ಯ. ಮುಂದೆ ಹೋಗಿ ಗೋಲು ಹೊಡೆಯುವ ದಾರಿ ಯಾವುದು ಎಂದು ನೋಡುವವರಿಗಂತೂ ತಿಳಿಯುತ್ತಿರಲಿಲ್ಲ, ಆಡುವವರಿಗೆ ತಿಳಿದಿತ್ತೋ ಇಲ್ಲವೋ. ಹಿಂದಿನ ವರ್ಷ ಕೈಹಿಡಿದ ವ್ಯವಸ್ಥೆಗೆ, ಅದನ್ನು ಆಡಿದ ಆಟಗಾರರು ಹೋದ ಮೇಲೂ, ಅವನು ಜೋತುಬಿದ್ದಿದ್ದ ಎನ್ನುವುದು ನಮ್ಮ ಮುಖ್ಯ ದೂರು. ಅದರಲ್ಲಿ ಹುರುಳಿದೆ ಎಂದು ನನಗೆ ಈಗಲೂ ಅನಿಸುತ್ತದೆ.

ಆದರೆ ಆ ದೂರಿನೊಳಗೇ ಒಂದು ಮಾತು ಅಡಗಿದೆ: ಆಟಗಾರರು ಹೋದ ಮೇಲೆ. 2023ರ ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾಕ್ಕೆ ಹೋದ. ಸಂದೇಶ್ ಜಿಂಗನ್ ಮತ್ತು ಉದಾಂತ ಸಿಂಗ್ ಗೋವಾಕ್ಕೆ ಹೋದರು, ಪ್ರಬೀರ್ ದಾಸ್ ಕೇರಳಕ್ಕೆ. ಒಂದು ತಂಡದ ಬೆನ್ನೆಲುಬು, ಕೈ, ಕಾಲು ಒಂದೇ ಬೇಸಿಗೆಯಲ್ಲಿ ಬೇರೆ ಊರು ಸೇರಿದವು. ಅವರನ್ನು ಯಾರು ಬಿಟ್ಟರು, ಯಾಕೆ ಬಿಟ್ಟರು, ಅವರ ಜಾಗಕ್ಕೆ ಯಾರನ್ನು ಯಾವ ಲೆಕ್ಕದಲ್ಲಿ ತಂದರು ಎಂದು ನಮ್ಮ ಟೀ ಅಂಗಡಿಯಲ್ಲಿ ಒಬ್ಬನೂ ಕೇಳಲಿಲ್ಲ. ಮೈದಾನದ ಗೆರೆಯ ಪಕ್ಕ ನಿಂತು ಕೈ ಬೀಸುವವನು ಕ್ಯಾಮೆರಾಕ್ಕೆ ಕಾಣುತ್ತಾನೆ. ಲೆಕ್ಕದ ಪುಸ್ತಕ ಕಾಣುವುದಿಲ್ಲ.

ಅದಕ್ಕಿಂತ ನಾಚಿಕೆಗೇಡಿನದು ನಮ್ಮ ಮರೆವು. ಇದೇ ಗ್ರೇಸನ್ 2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಡ್ಯುರಾಂಡ್ ಕಪ್ ಗೆಲ್ಲಿಸಿದ. ಆ ಡಿಸೆಂಬರ್‌ನಲ್ಲಿ ಲೀಗಿನಲ್ಲಿ ಸೋಲಿನ ಮೇಲೆ ಸೋಲು ಬಂದಾಗ ನಾವು "ತೆಗೀರಿ ಅವನನ್ನ" ಎಂದೆವು. ಕ್ಲಬ್ ತೆಗೆಯಲಿಲ್ಲ. ಅಲ್ಲಿಂದ ಮುಂದೆ ತಂಡ ಸಾಲಾಗಿ ಎಂಟು ಲೀಗ್ ಪಂದ್ಯ ಗೆದ್ದು ಫೈನಲ್ ಸೇರಿತು. 2023ರ ಮಾರ್ಚ್ 18ರಂದು ಗೋವಾದಲ್ಲಿ 2–2 ಸಮ ಮಾಡಿಕೊಂಡು ಪೆನಾಲ್ಟಿಯಲ್ಲಿ ಸೋತಿತು. ಆ ಓಟದಲ್ಲಿ ಅವನು ಮಾಡಿದ ದೊಡ್ಡ ಕೆಲಸವೆಂದರೆ ಸುನಿಲ್ ಛೆಟ್ರಿಯನ್ನು ಬೆಂಚಿನಲ್ಲಿ ಕೂರಿಸಿದ್ದು. ಮಾರ್ಚ್‌ನಲ್ಲಿ ಅದನ್ನು ಧೈರ್ಯ ಎಂದೆವು. ಡಿಸೆಂಬರ್‌ನಲ್ಲಿ ಅವನ ತಪ್ಪುಗಳ ಪಟ್ಟಿ ಮಾಡುವಾಗ ಅದನ್ನೇ ಅಹಂಕಾರ ಎಂದು ಬರೆದುಕೊಂಡೆವು. ಅವನು ಮಾಡಿದ್ದು ಒಂದೇ, ನಾವು ಇಟ್ಟ ಹೆಸರು ಎರಡು. ನಡುವೆ ಬದಲಾದದ್ದು ಅಂಕಪಟ್ಟಿ ಮಾತ್ರ.

ಆದ್ದರಿಂದ ನಾನೀಗ ಎರಡು ಕಟ್ಟಳೆ ಹಾಕಿಕೊಂಡಿದ್ದೇನೆ. ಒಂದು: ಕೋಚ್‌ನ ತಪ್ಪನ್ನು ತಂಡ ಗೆಲ್ಲುತ್ತಿದ್ದಾಗಲೂ ಹೇಳಿದ್ದೆವೆ? ಹೇಳದಿದ್ದರೆ ನಾವು ಹೇಳುತ್ತಿರುವುದು ತಪ್ಪನ್ನಲ್ಲ, ಸೋಲನ್ನು. ಎರಡು: ಅವನು ಹೋದಾಗ ಆ ತಪ್ಪೂ ಅವನ ಜೊತೆ ಹೋಯಿತೆ? ಹೋಗದಿದ್ದರೆ ಅದು ಅವನದಲ್ಲ, ಮನೆಯದು.

ಎರಡನೇ ಕಟ್ಟಳೆಯನ್ನು ಕಾರ್ಲಸ್ ಕ್ವಾದ್ರತ್ ಮೇಲೆ ಇಟ್ಟು ನೋಡಿ. 2019ರ ಮಾರ್ಚ್‌ನಲ್ಲಿ ಗೋವಾವನ್ನು 1–0 ಸೋಲಿಸಿ ನಮಗೆ ಐಎಸ್‌ಎಲ್ ಕಪ್ ತಂದುಕೊಟ್ಟವನು ಅವನು. ಸಾಲಾಗಿ ಮೂರು ಸೋಲು ಬಂತು, 2021ರ ಜನವರಿಯಲ್ಲಿ ಅವನು ಹೊರಗೆ ಬಿದ್ದ. ಕಾರ್ನರ್, ಫ್ರೀ ಕಿಕ್ ಬಿಟ್ಟರೆ ಬೇರೆ ದಾರಿಯಲ್ಲಿ ಗೋಲು ಹೊಡೆಸಲು ಬರುವುದಿಲ್ಲ ಎಂದು ನಾವು ತೀರ್ಪು ಕೊಟ್ಟೆವು. ಅವನು ಹೋದ ಮೇಲೆ ತಂಡ ಹೊಳೆಯಿತೆ? ಆ ವರ್ಷ ಏಳನೇ ಸ್ಥಾನ, ಹೊಸ ಕೋಚ್ ಮಾರ್ಕೊ ಪೆಜ್ಜಾಯುವೊಲಿ ಬಂದ ಮುಂದಿನ ವರ್ಷ ಆರನೇ ಸ್ಥಾನ. ಇತ್ತ ಕ್ವಾದ್ರತ್ ಈಸ್ಟ್ ಬೆಂಗಾಲ್ ಸೇರಿ 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದ. ಎಷ್ಟೋ ವರ್ಷ ರಾಷ್ಟ್ರಮಟ್ಟದ ಕಪ್ ಕಾಣದ ಆ ಕ್ಲಬ್ಬಿನವರು ಅವನನ್ನು ಹೊತ್ತು ಕುಣಿದರು. ಅದೇ ಸೆಪ್ಟೆಂಬರ್‌ನಲ್ಲಿ ಅಲ್ಲೂ ಸಾಲಾಗಿ ಮೂರು ಸೋಲು ಬಂತು, ಅಲ್ಲಿಂದಲೂ ಹೊರಟ. ಆ ಮೂರರಲ್ಲಿ ಮೊದಲ ಸೋಲು ನಮ್ಮ ಬೆಂಗಳೂರಿನ ಕೈಯಲ್ಲಿ. ನಾವು ಚಪ್ಪಾಳೆ ತಟ್ಟಿದೆವು.

ಇದು ನಮ್ಮ ದೇಶದ ಜಾಯಮಾನ ಮಾತ್ರ ಎಂದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಗ್ರೇಸನ್ ಇಂಗ್ಲೆಂಡಿನಲ್ಲಿ ನಾಲ್ಕು ಬೇರೆ ಬೇರೆ ಕ್ಲಬ್‌ಗಳನ್ನು ಮೂರನೇ ದರ್ಜೆಯಿಂದ ಎರಡನೇ ದರ್ಜೆಗೆ ಏರಿಸಿದವನು. 2017ರಲ್ಲಿ ಸಂಡರ್‌ಲ್ಯಾಂಡ್‌ಗೆ ಹೋದ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಅವನನ್ನು ತೆಗೆದರು. ಹೊಸಬ ಬಂದ ಮೇಲೂ ಸಂಡರ್‌ಲ್ಯಾಂಡ್ ಕಟ್ಟಕಡೆಯ ಸ್ಥಾನದಲ್ಲಿ ಮುಗಿಸಿ ಮೂರನೇ ದರ್ಜೆಗೆ ಇಳಿಯಿತು. ಹಡಗಿನಲ್ಲಿ ತೂತು ಇದ್ದಾಗ ಕಪ್ತಾನನನ್ನು ನೀರಿಗೆ ತಳ್ಳಿದರೆ ಹಡಗಿನ ಭಾರ ಒಬ್ಬನಷ್ಟು ಇಳಿಯುತ್ತದೆ, ಅಷ್ಟೇ.

ರಾಷ್ಟ್ರೀಯ ತಂಡದ ಕತೆಯೂ ಬೇರೆಯಲ್ಲ. 2023ರ ಜುಲೈ 4ರಂದು ಕಂಠೀರವದಲ್ಲೇ ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ ಸ್ಯಾಫ್ ಕಪ್ ಗೆದ್ದಾಗ ಇಗೊರ್ ಸ್ಟಿಮಾಚ್ ನಮ್ಮ ಹೀರೊ. ಆ ಟೂರ್ನಿಯಲ್ಲಿ ಎರಡು ಸಲ ರೆಡ್ ಕಾರ್ಡ್ ತಿಂದದ್ದೂ ನಮಗೆ ಆಗ ಗಂಡಸುತನವಾಗಿ ಕಂಡಿತ್ತು. ಆರು ತಿಂಗಳಲ್ಲಿ ಏಷ್ಯನ್ ಕಪ್‌ನ ಮೂರೂ ಪಂದ್ಯಗಳನ್ನು ಒಂದು ಗೋಲೂ ಹೊಡೆಯದೆ ಸೋತೆವು. 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನಕ್ಕೆ ಸೋತೆವು, ಜೂನ್‌ನಲ್ಲಿ ಅವನನ್ನು ತೆಗೆದರು. ಆಮೇಲೆ ಬಂದ ಮನೋಲೊ ಮಾರ್ಕೆಸ್ ಎಂಟು ಪಂದ್ಯದಲ್ಲಿ ಒಂದು ಗೆದ್ದು ಹೋದ. ಅವನ ನಂತರ ಖಾಲಿದ್ ಜಮೀಲ್ ಬಂದ, 2027ರ ಏಷ್ಯನ್ ಕಪ್‌ಗೆ ಅರ್ಹತೆಯೇ ಸಿಗಲಿಲ್ಲ. ಕ್ರೊವೇಷಿಯಾದವನು, ಸ್ಪೇನಿನವನು, ಕಡೆಗೆ ನಮ್ಮವನು. ಮೂರು ಜನರಲ್ಲೂ ಒಂದೇ ಕಾಯಿಲೆ ಇತ್ತು ಎಂದು ನಂಬುವುದಕ್ಕಿಂತ ಕಾಯಿಲೆ ಮನೆಯಲ್ಲಿದೆ ಎಂದು ನಂಬುವುದು ಸುಲಭವಲ್ಲವೆ?

ಸ್ಟಿಮಾಚ್ ತಂಡದ ಆಯ್ಕೆಗೆ ಜ್ಯೋತಿಷಿಯ ಸಲಹೆ ಕೇಳಿದ್ದ ಎಂದು 2023ರಲ್ಲಿ ಪತ್ರಿಕೆಯಲ್ಲಿ ವರದಿಯಾದಾಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುವ ಯೋಗ್ಯತೆ ನಮಗಿದೆಯೆ? ಸಾಲಾಗಿ ಮೂರು ಸೋಲು ಬಂದಾಗ "ಇವನನ್ನು ಬದಲಿಸಿ, ಎಲ್ಲಾ ಸರಿಹೋಗುತ್ತೆ" ಎನ್ನುವುದು ಗ್ರಹಶಾಂತಿಯಲ್ಲದೆ ಇನ್ನೇನು? ಮನೆಯ ವಾಸ್ತು ಸರಿಯಿಲ್ಲವೆಂದು ಬಾಗಿಲು ಕಿತ್ತು ಇನ್ನೊಂದು ಗೋಡೆಗೆ ಇಡುವವನಿಗೂ ನಮಗೂ ಏನು ವ್ಯತ್ಯಾಸ?

ನನ್ನ ಗೆಳೆಯರು ಇದಕ್ಕೆ ಸುಮ್ಮನಿರಲಿಲ್ಲ. ಅವರ ಬಳಿ ಒಂದು ಗಟ್ಟಿ ವಾದ ಇದೆ: ಗ್ರೇಸನ್ ನಂತರ ಬಂದ ಹೆರಾರ್ಡ್ ಸರಗೋಸಾ 2024–25ರಲ್ಲಿ ಮೂರನೇ ಸ್ಥಾನ ತಂದ, ಫೈನಲ್ ಮುಟ್ಟಿಸಿದ. ಹಾಗಾದರೆ ಕೋಚ್ ಬದಲಾದ್ದರಿಂದಲೇ ಅಲ್ಲವೆ? ಭಾಗಶಃ ಹೌದು. ಕೋಚ್‌ನಿಂದ ಏನೂ ಆಗುವುದಿಲ್ಲ ಎಂದರೆ ನಾನು ಮೂರ್ಖನಾಗುತ್ತೇನೆ. ಆದರೆ ಅದೇ ಸರಗೋಸಾ ಬಂದ ಮೊದಲ ವರ್ಷ ತಂಡ ಮುಗಿಸಿದ್ದು ಹನ್ನೆರಡರಲ್ಲಿ ಹತ್ತನೇ ಸ್ಥಾನದಲ್ಲಿ. ಕ್ಲಬ್ ಅವನನ್ನು ಉಳಿಸಿಕೊಂಡಿತು. ಬೇಸಿಗೆಯಲ್ಲಿ ಆಲ್ಬರ್ಟೊ ನೊಗೇರ, ಪೆರೇರ ಡಿಯಾಸ್, ಎಡ್ಗರ್ ಮೆಂಡೆಸ್, ಹಿಂದೆ ಇಲ್ಲೇ ಆಡಿ ಕಪ್ ಗೆಲ್ಲಿಸಿದ್ದ ರಾಹುಲ್ ಭೇಕೆ ಬಂದರು. ಕ್ಲಬ್ಬಿನದೇ ಯುವ ತಂಡದಿಂದ ವಿನಿತ್ ವೆಂಕಟೇಶ್ ಮೇಲೆ ಬಂದು ಮೊದಲ ಪಂದ್ಯದಲ್ಲೇ ಗೋಲು ಹೊಡೆದ. ಸಮಯ, ಆಟಗಾರರು, ಯುವ ತಂಡದಿಂದ ಮೇಲೇರುವ ಹಾದಿ: ಈ ಮೂರನ್ನು ಕೊಟ್ಟರೆ ಕೋಚ್ ಒಳ್ಳೆಯವನಾಗುತ್ತಾನೆ. ನನ್ನ ಗೆಳೆಯರ ವಾದ ನನ್ನ ವಾದವನ್ನೇ ಹೇಳುತ್ತಿದೆ.

ಹಾಗಾದರೆ ಟೀಕೆಯೇ ಬೇಡವೆ? ಬೇಕು. ಎದುರಿಗೆ ಇರುವವನನ್ನು ಟೀಕಿಸಬೇಕು, ಉತ್ತರ ಕೊಡಲು ಅವನಿಗೆ ಬಾಯಿ ಇರುವಾಗ. ಅವನನ್ನು ನೇಮಿಸಿದವರನ್ನೂ ಅದೇ ಉಸಿರಿನಲ್ಲಿ ಟೀಕಿಸಬೇಕು.

ಭದ್ರಾವತಿಯ ಕಡೆಯವರಿಗೆ ಈ ಪಾಠವನ್ನು ಫುಟ್‌ಬಾಲ್ ಹೇಳಿಕೊಡಬೇಕಾಗಿರಲಿಲ್ಲ. ನಮ್ಮಲ್ಲಿ ಮ್ಯಾನೇಜರ್ ಎಂದರೆ ಮೊದಲು ನೆನಪಾಗುವುದು ಕಾರ್ಖಾನೆಯವನು. ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. 2023ರ ಜನವರಿಯಲ್ಲಿ, ಅಂದರೆ ಬೆಂಗಳೂರು ಎಫ್‌ಸಿ ಸಾಲಾಗಿ ಗೆಲ್ಲತೊಡಗಿದ ಅದೇ ದಿನಗಳಲ್ಲಿ, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದು ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಆಗ ಊರ ತುಂಬ ಒಂದೇ ಮಾತು: ಆ ಆಫೀಸರ್ ಬಂದ ಮೇಲೆ ಹಾಳಾಯಿತು, ಈ ಆಫೀಸರ್ ಬಂದ ಮೇಲೆ ಕೆಟ್ಟಿತು. ನಮ್ಮಪ್ಪ ಮಾತ್ರ ಕೇಳಿದರು: "ಅವನು ಬಂದಿದ್ದು ಯಾವಾಗ? ನಮಗೆ ಸ್ವಂತ ಅದಿರಿನ ಗಣಿ ಇಲ್ಲದೇ ಹೋಗಿದ್ದು ಯಾವಾಗ? ಮೊದಲು ಆ ಎರಡು ತಾರೀಖು ಪಕ್ಕಪಕ್ಕ ಬರ್ಕೊಳ್ಳಿ." ಗಣಿಯಿಲ್ಲ, ಬಂಡವಾಳ ಬರಲಿಲ್ಲ. ಇದನ್ನು ಹೇಳಿದರೆ ಕೇಳುವವರು ಆಕಳಿಸುತ್ತಾರೆ. ಆಫೀಸರನ ಹೆಸರು ಹೇಳಿದರೆ ಕಿವಿ ನೆಟ್ಟಗಾಗುತ್ತದೆ.

ನಾನು ಆ ಮಾತನ್ನು ಆಗಲೇ ಅರ್ಥಮಾಡಿಕೊಳ್ಳಬೇಕಿತ್ತು. ಯಾಕೆಂದರೆ ನಮ್ಮ ಕೈಯಿಂದಲೂ ಒಬ್ಬ ಕೋಚ್ ಹೋಗಿದ್ದ.

ನಾವು ಹದಿನಾರು ಹದಿನೇಳರ ಹುಡುಗರಾಗಿದ್ದಾಗ ನಮಗೊಂದು ತಂಡ ಇತ್ತು. ಕೈಗಾರಿಕಾ ಪ್ರದೇಶದ ಹಿಂದಿನ ಖಾಲಿ ಜಾಗವೇ ಮೈದಾನ, ಗೋಲಿಗೆ ನಾಲ್ಕು ಕಲ್ಲು. ಒಂದು ಫೌಂಡ್ರಿಯಲ್ಲಿ ಫಿಟ್ಟರ್ ಆಗಿದ್ದವರೊಬ್ಬರು ಶಿಫ್ಟ್ ಮುಗಿಸಿ ಹಳೆಯ ಎಕ್ಸೆಲ್ ಗಾಡಿಯಲ್ಲಿ ಬಂದು ನಮಗೆ ಆಟ ಕಲಿಸುತ್ತಿದ್ದರು. ನಾವು ಅವರನ್ನು ಸರ್ ಎನ್ನುತ್ತಿದ್ದೆವು. ಯಾರೂ ಅವರಿಗೆ ಒಂದು ಪೈಸೆ ಕೊಟ್ಟದ್ದಿಲ್ಲ. ಅವರು ಮಾಡಿಸುತ್ತಿದ್ದದ್ದು ಒಂದೇ: ವೃತ್ತವಾಗಿ ನಿಲ್ಲಿಸಿ ಪಾಸ್, ಪಾಸ್, ಪಾಸ್. ಗೋಲಿಗೆ ಹೊಡೆಯಲು ಬಿಡುತ್ತಲೇ ಇರಲಿಲ್ಲ. ಹೊರ ಜಿಲ್ಲೆಯಲ್ಲಿ ಒಂದು ಟೂರ್ನಿಗೆ ಹೋಗಿ ಐದು ಗೋಲು ತಿಂದು ಬಂದೆವು. ಬರುವಾಗ ಬಸ್ಸಿನಲ್ಲೇ ತೀರ್ಮಾನವಾಯಿತು. ಸರ್‌ಗೆ ಅಟ್ಯಾಕ್ ಕಲಿಸಲು ಬರುವುದಿಲ್ಲ. ಮರುವಾರ ಅವರು ಬಂದಾಗ ನಾವು ಹದಿನಾರು ಜನರಲ್ಲಿ ಒಬ್ಬನೂ ಮೈದಾನಕ್ಕೆ ಹೋಗಲಿಲ್ಲ. ಆ ಯೋಜನೆ ನನ್ನದು. ಮೂರು ವಾರ ಹಾಗೆ ಮಾಡಿದ ಮೇಲೆ ಅವರು ಬರುವುದನ್ನು ನಿಲ್ಲಿಸಿದರು. ಬೇರೆ ಕೋಚ್ ಬರಲಿಲ್ಲ. ವರ್ಷದೊಳಗೆ ತಂಡವೂ ಇರಲಿಲ್ಲ. ಆದರೂ ಅನೇಕ ವರ್ಷ ಅದೇ ಟೀ ಅಂಗಡಿಯಲ್ಲಿ, "ಸರ್ ಒಂಚೂರು ಶೂಟಿಂಗ್ ಕಲಿಸಿದ್ದಿದ್ರೆ..." ಎಂದು ನಾವು ನಿಟ್ಟುಸಿರು ಬಿಡುತ್ತಿದ್ದೆವು.

ನಮ್ಮ ಬಳಿ ಇದ್ದದ್ದು ಒಂದೇ ಚೆಂಡು. ಹದಿನಾರು ಹುಡುಗರಿಗೆ ಒಂದು ಚೆಂಡು. ಗೋಲಿಗೆ ಹೊಡೆದರೆ ಹಿಂದೆ ಬಲೆಯಿಲ್ಲ, ಚೆಂಡು ಪೊದೆ ದಾಟಿ ಮೋರಿಗೆ ಬೀಳುತ್ತದೆ. ತರಲು ಹೋದವನು ಬರುವ ತನಕ ಹದಿನೈದು ಜನ ಸುಮ್ಮನೆ ನಿಲ್ಲಬೇಕು. ಎಲ್ಲರ ಕಾಲಿಗೂ ಚೆಂಡು ತಾಗಬೇಕೆಂದರೆ ವೃತ್ತ ಮಾಡಿ ಪಾಸ್ ಮಾಡುವುದು ಬಿಟ್ಟು ಬೇರೆ ದಾರಿ ಅವರಿಗೆ ಇರಲಿಲ್ಲ. ಇದು ನನಗೆ ಹೊಳೆಯಲು ಮದುವೆಯಾಗಿ, ಮಗನಾಗಿ, ಅವನ ಗೆಳೆಯರನ್ನು ಅದೇ ಜಾಗದಲ್ಲಿ ಒಂದೇ ಚೆಂಡಿನೊಂದಿಗೆ ಆಡಿಸಲು ಹೋಗಬೇಕಾಯಿತು. ನಾವು ಕೋಚ್‌ನ ಕೊರತೆ ಎಂದು ಎಣಿಸಿದ್ದು ಚೆಂಡಿನ ಕೊರತೆಯನ್ನು. ನಾವು ಹದಿನಾರು ಜನ ತಲೆಗಿಷ್ಟು ಎಂದು ಹಾಕಿದ್ದರೆ ಇನ್ನೊಂದು ಚೆಂಡು ಬರುತ್ತಿತ್ತು. ಬೈಯುವುದು ಪುಕ್ಕಟೆ ಇತ್ತು, ಬೈದೆವು.

ಇನ್ನೊಂದು ತಾರೀಖು ಹೇಳುತ್ತೇನೆ. 2023ರ ಮಾರ್ಚ್ 3, ಶುಕ್ರವಾರ. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಛೆಟ್ರಿ ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ ಹೊಡೆದ, ಗೋಲಾಯಿತು, ಕೇರಳದವರು ಮೈದಾನ ಬಿಟ್ಟು ಹೋದರು. ಆ ರಾತ್ರಿ ಮತ್ತು ಮರುದಿನವೆಲ್ಲ ನಾವು ಬೇರೆ ಮಾತಾಡಲಿಲ್ಲ. ಅವರ ಕೋಚ್ ಮಾಡಿದ್ದು ಸರಿಯೇ, ನಮ್ಮ ಕೋಚ್ ಏನಂದ, ಅದೇ ಚರ್ಚೆ. ಆ ಮರುದಿನ, ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2 ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಸಲ ಗೆದ್ದಾಗ ಈ ರಾಜ್ಯದ ಹೆಸರು ಮೈಸೂರು, ಅದು 1968–69. ಐವತ್ತನಾಲ್ಕು ವರ್ಷಗಳ ನಂತರ ಬಂದ ಕಪ್. ನಾವು ಆರು ಜನ ಫುಟ್‌ಬಾಲ್ ಹುಚ್ಚರಲ್ಲಿ ಆ ಫೈನಲ್ ನೋಡಿದವರು ಸೊನ್ನೆ.

ಆ ತಂಡದ ಕೋಚ್ ರವಿ ಬಾಬು ರಾಜು. ಗ್ರೇಸನ್‌ನ ಹತ್ತು ತಪ್ಪು ಬಾಯಿಪಾಠ ಒಪ್ಪಿಸುವ ನನಗೆ ಈ ಹೆಸರನ್ನು ಎರಡು ವರ್ಷದ ನಂತರ ಹುಡುಕಿ ತಿಳಿದುಕೊಳ್ಳಬೇಕಾಯಿತು. 1948ರ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ರಾಮನ್ ಬೆಂಗಳೂರಿನವನು. ಅದೇ ತಂಡದ ಅಹ್ಮದ್ ಖಾನ್ ಕೂಡ. ಈ ಊರಿನಲ್ಲಿ ಆಟ ಬೆಳೆಸಿದ ಕೋಚ್‌ಗಳು, ಮೇಷ್ಟ್ರುಗಳು, ಫಿಟ್ಟರ್‌ಗಳು ಅಂದಿನಿಂದ ಎಷ್ಟು ಜನ ಬಂದು ಹೋದರೋ, ಅವರ ತಪ್ಪುಗಳಾದರೂ ನಮಗೆ ಗೊತ್ತೆ? ಬೈಗುಳವೂ ಒಂದು ಬಗೆಯ ನೆನಪು. ಅವರಿಗೆ ನಾವು ಅದನ್ನೂ ಕೊಡಲಿಲ್ಲ.

ಕಳೆದ ದಸರಾ ರಜೆಯಲ್ಲಿ ಸರ್ ಸಿಕ್ಕಿದರು, ಮಾಚೇನಹಳ್ಳಿಯ ಬಸ್ ಸ್ಟಾಪಿನಲ್ಲಿ. ನಿವೃತ್ತರಾಗಿದ್ದಾರೆ, ಮಂಡಿ ನೋವು. ನಾನು ತಡವರಿಸುತ್ತ ಆ ಮೂರು ವಾರದ ಮಾತು ತೆಗೆದೆ. ಯೋಜನೆ ನನ್ನದು ಎಂದೂ ಹೇಳಿದೆ.

"ಗೊತ್ತಿತ್ತು ಬಿಡಪ್ಪ," ಅಂದರು. ಸ್ವಲ್ಪ ಹೊತ್ತು ರಸ್ತೆ ನೋಡಿ, "ಒಂದು ಹೇಳ್ಲಾ? ನಂಗೆ ಆಫ್‌ಸೈಡ್ ಸರಿಯಾಗಿ ಗೊತ್ತಿರ್ಲಿಲ್ಲ. ನಿಮ್ಗೆ ತಪ್ಪು ಹೇಳ್ಕೊಟ್ಟಿದ್ದೆ. ಆ ಐದರಲ್ಲಿ ಮೂರು ಗೋಲು ಅದ್ರಿಂದ್ಲೇ ಬಿದ್ದಿದ್ದು."

ಇಷ್ಟು ವರ್ಷ ಅವರ ತಪ್ಪು ಎಣಿಸಿದ ನಮಗೆ, ಅವರ ನಿಜವಾದ ತಪ್ಪು ಯಾವುದೆಂದೇ ಗೊತ್ತಿರಲಿಲ್ಲ.

ಬಸ್ ಬರುವ ಮುಂಚೆ ಅವರು ಕೇಳಿದರು: "ಈಗ ಮಕ್ಕಳಿಗೆ ಎಷ್ಟು ಚೆಂಡು ಇದೆ?"

"ಎರಡು, ಸರ್."

"ಸಾಲ್ದು," ಅಂದರು, ಬಸ್ ಹತ್ತಿದರು.